ಬೈರಾಸಿನಲ್ಲಿ ಬಂದ ಮದರ್‌ಬೋರ್ಡ್

ಸ್ವಿಚ್ಚು ಒತ್ತಿದಾಗ ಫ್ಯಾನು ತಿರುಗಿತು, ಪೆಟ್ಟಿಗೆಯೊಳಗೆ ನೀಲಿ ದೀಪವೂ ಹತ್ತಿತು. ಪರದೆ ಮಾತ್ರ ಕಪ್ಪಾಗಿಯೇ ಇತ್ತು. ಸ್ವಲ್ಪ ಹೊತ್ತಿನಲ್ಲಿ ಫ್ಯಾನು ನಿಂತಿತು, ತಾನಾಗಿಯೇ ಮತ್ತೆ ತಿರುಗಿತು, ಮತ್ತೆ ನಿಂತಿತು. ಕಾಪುವಿನ ಆ ಮನೆಯ ಚಾವಡಿಯಲ್ಲಿ ಹೊಸ ಕಂಪ್ಯೂಟರಿನ ಮುಂದೆ ಕುಳಿತಿದ್ದ ನಾಲ್ವರೂ ಅದರ ಜೊತೆಗೇ ಉಸಿರು ಹಿಡಿದು ಬಿಟ್ಟರು.

"ಇದಕ್ಕೆ ದಮ್ಮು ಉಂಟಾ ಎಂತ?" ಎಂದು ಅಕ್ಕು ಅಜ್ಜಿ ಕೇಳಿದರು.

"ದಮ್ಮಲ್ಲ ಅಜ್ಜಿ. ಎಲ್ಲೋ ಒಂದು ವಯರು ಸರಿ ಕೂತಿಲ್ಲ," ಎಂದಳು ಪ್ರಣೀತಾ. ಬಿಡಿಭಾಗಗಳನ್ನು ತಂದು, ಯೂಟ್ಯೂಬ್ ನೋಡಿ ನೋಡಿ ಇದನ್ನು ಜೋಡಿಸಿದವಳು ಅವಳೇ.

"ಇಂಜಿನಿಯರ್ರೇ, ಸ್ಕ್ರೂ ಎಷ್ಟು ಉಳಿದಿದೆ?" ಅಣ್ಣ ಕೀರ್ತನ್ ಛೇಡಿಸಿದ. ಅವನು ಉಡುಪಿ–ಕಾರ್ಕಳ ಬಸ್ಸಿನ ಕಂಡಕ್ಟರು. ಇಡೀ ದಿನ ನೂರಾರು ಜನರ ಬಾಯಿಗೆ ಉತ್ತರ ಕೊಟ್ಟು ಬಂದವನಿಗೆ ಮನೆಯಲ್ಲೂ ಬಾಯಿ ಸುಮ್ಮನಿರುವುದಿಲ್ಲ.

"ನೀನು ಸುಮ್ಮನಿರು ಮಾರಾಯ."

ತಾಯಿ ಗುಣವತಿ ಎದ್ದು ಒಳಗೆ ಹೋಗಿ ಬಂಗುಡೆ ಮೀನಿನ ಪುಳಿಮುಂಚಿ ಕುದಿಯುತ್ತಿದ್ದ ಒಲೆ ಸಣ್ಣದು ಮಾಡಿ ಬಂದಳು. ಇನ್ನು ಸ್ವಲ್ಪ ಹೊತ್ತಿನಲ್ಲಿ ಶಾರ್ಜಾದಿಂದ ಗಂಡನ ಫೋನು ಬರುತ್ತದೆ, ಕಂಪ್ಯೂಟರ್ ಹೇಗುಂಟು ಎಂದು ಕೇಳುತ್ತಾನೆ, ಏನು ಹೇಳುವುದು ಎಂಬ ಚಿಂತೆ ಅವಳಿಗೆ.

ಇದು ಆಟಕ್ಕೆ ತಂದ ಕಂಪ್ಯೂಟರಲ್ಲ. ಪ್ರಣೀತಾ ಮನೆಗಳ ಒಳವಿನ್ಯಾಸದ ಡಿಪ್ಲೊಮಾ ಮಾಡಿ ಮಣಿಪಾಲದ ಒಂದು ಕಚೇರಿಯಲ್ಲಿ ಆರು ತಿಂಗಳು ಕೆಲಸ ಕಲಿತಿದ್ದಳು. ಕಚೇರಿಯ ಒಡತಿ ರೀನಾ ಮೇಡಂ ಅವಳ ಕೈ ನೋಡಿ ಮೆಚ್ಚಿದ್ದರು. "ಕೂರಲಿಕ್ಕೆ ಇಲ್ಲಿ ಜಾಗ ಇಲ್ಲ. ಮನೆಯಿಂದ ಮಾಡುವುದಾದರೆ ಕೆಲಸ ನಿನಗೇ. ಆದರೆ ಗಟ್ಟಿ ಮೆಷೀನು ಬೇಕು. ತಿಂಗಳ ಕೊನೆಯವರೆಗೆ ಕಾಯ್ತೇನೆ," ಎಂದಿದ್ದರು. ಅವಳ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಅಡುಗೆಮನೆಯ ಚಿತ್ರ ತೆರೆಯುವಷ್ಟರಲ್ಲಿ ನಿಜವಾದ ಅಡುಗೆಮನೆಯಲ್ಲಿ ಅನ್ನವೇ ಬೆಂದಿರುತ್ತಿತ್ತು. ಕೆಲಸ ಸಿಕ್ಕದಿದ್ದರೆ ಮುಂದೇನು ಎಂಬುದೂ ಅವಳಿಗೆ ಗೊತ್ತಿತ್ತು. ಉಡುಪಿಯ ಬಟ್ಟೆ ಅಂಗಡಿಯೊಂದರ ಕೌಂಟರಿನಲ್ಲಿ ನಿಲ್ಲಲು ಚಿಕ್ಕಮ್ಮ ಆಗಲೇ ಮಾತಾಡಿ ಇಟ್ಟಿದ್ದರು.

ಮಗಳು ಇದನ್ನೆಲ್ಲ ಹೇಳಿದಾಗ ಶಾರ್ಜಾದಲ್ಲಿದ್ದ ಅಪ್ಪ ಅಣ್ಣು ಒಂದೇ ಮಾತಿಗೆ ಒಪ್ಪಿದ್ದ. ಪೆಟ್ಟಿಗೆ, ಪರದೆ, ಸಣ್ಣಪುಟ್ಟದ್ದು ಉಡುಪಿಯಲ್ಲಿ ತೆಗೆದುಕೋ, ಮದರ್‌ಬೋರ್ಡು ಮತ್ತು ಪ್ರೊಸೆಸರು ಇಲ್ಲಿಂದ ನಾನೇ ಕಳಿಸುತ್ತೇನೆ, ಇಲ್ಲಿನದ್ದು ಅಸಲಿ ಎಂದಿದ್ದ. ಅಲ್ಲೇ ದುಡಿಯುವ ಹೆಜಮಾಡಿಯ ಸುಕೇಶ್ ರಜೆಯಲ್ಲಿ ಬರುವಾಗ ತಂದುಕೊಟ್ಟಿದ್ದ.

ಅಣ್ಣುವಿನ ಕಟ್ಟು ಎಂದರೆ ಈ ಕಡೆಯ ಗಲ್ಫಿನವರಿಗೆಲ್ಲ ಗೊತ್ತು. ಇಪ್ಪತ್ತೆರಡು ವರ್ಷದಿಂದ ಅವನು ಶಾರ್ಜಾದ ಕಾರ್ಗೋ ಕಂಪನಿಯೊಂದರಲ್ಲಿ ಪ್ಯಾಕಿಂಗ್ ಮಾಡುವವನು. ಊರಿಗೆ ಹೊರಟವರೆಲ್ಲ ಶುಕ್ರವಾರ ಅವನ ರೂಮಿಗೆ ಸಾಮಾನು ಹೊತ್ತುಕೊಂಡು ಬರುತ್ತಾರೆ. ಅಂಗಡಿಯ ಡಬ್ಬ, ಥರ್ಮೋಕೋಲು, ಪ್ಲಾಸ್ಟಿಕ್ಕು ಎಲ್ಲ ಭಾರ, ಎಲ್ಲ ಕಸ ಎಂದು ಕಿತ್ತು ಬಿಸಾಡುತ್ತಾನೆ. ಹೊಸ ಡಬ್ಬ ಕಂಡರೆ ಏರ್‌ಪೋರ್ಟಿನಲ್ಲಿ ಕಸ್ಟಮ್ಸಿನವರ ಕಣ್ಣೂ ಬೀಳುತ್ತದಲ್ಲ. ಆಮೇಲೆ ಬಟ್ಟೆಯಲ್ಲಿ ಸುತ್ತಿ, ಸಂದು ಸಂದಿಗೂ ಬಟ್ಟೆಯ ಚೂರು ತುರುಕಿ, ನೈಲಾನ್ ಹಗ್ಗದಲ್ಲಿ ಬಿಗಿಯುತ್ತಾನೆ. "ಒಳಗೆ ಖಾಲಿ ಜಾಗ ಇರಬಾರದು, ಖಾಲಿ ಇದ್ದರೆ ಅಲುಗಾಡ್ತದೆ, ಅಲುಗಾಡಿದರೆ ಒಡೀತದೆ," ಎನ್ನುವುದು ಅವನ ಶಾಸ್ತ್ರ. ಮಗಳ ಮದರ್‌ಬೋರ್ಡು ಬಂದದ್ದು ಅವನದೇ ಮೈ ಒರಸುವ ಹೊಸ ಬೈರಾಸಿನಲ್ಲಿ, ಬಾಣಂತಿ ಮನೆಯ ಕೂಸಿನ ಹಾಗೆ ಸುತ್ತಿಕೊಂಡು. ಪ್ರೊಸೆಸರು ಕೂರುವ ಚೌಕಾಕಾರದ ಕುಳಿಯಲ್ಲಿ ಕೂಡ ಬಟ್ಟೆಯ ಒಂದು ಉಂಡೆ ಭದ್ರವಾಗಿ ಕೂತಿತ್ತು. ಅದನ್ನು ಬಿಚ್ಚುವಾಗ ಅಜ್ಜಿ, "ನನ್ನ ಮಗನ ಕೈ ನೋಡು," ಎಂದು ಹಿಗ್ಗಿದ್ದರು.

ಅಂದು ಸಂಜೆ ಫೋನು ಬಂದಿತು. ಗುಣವತಿ ಮೊಬೈಲನ್ನು ಊಟದ ಮೇಜಿನ ಮೇಲೆ ಸ್ಟೀಲ್ ಡಬ್ಬಕ್ಕೆ ಒರಗಿಸಿ ಇಟ್ಟಳು.

"ಹೇಗುಂಟು ಕಂಪ್ಯೂಟರ್?"

"ಲಾಯ್ಕುಂಟು," ಎಂದಳು ಗುಣವತಿ.

"ನಾಳೆ ಸ್ಟಾರ್ಟ್ ಆಗ್ತದೆ ಪಪ್ಪ," ಎಂದಳು ಪ್ರಣೀತಾ. ಅಷ್ಟರ ಮಟ್ಟಿಗೆ ಅವಳದ್ದು ಸುಳ್ಳಲ್ಲ, ಆಸೆ.

ಈ ಮನೆಯಲ್ಲಿ ಫೋನಿಗೆ ಒಂದು ಭಾಷೆ, ಫೋನು ಇಟ್ಟ ಮೇಲೆ ಇನ್ನೊಂದು. ಫೋನಿನ ಭಾಷೆಯಲ್ಲಿ ಎಲ್ಲವೂ ಲಾಯ್ಕುಂಟು, ಎಂದರೆ ಚೆನ್ನಾಗಿದೆ. ಅಣ್ಣು ಕಳಿಸಿದ ಬೂಟು ಕೀರ್ತನನ ಕಾಲಿಗೆ ಯಾವತ್ತೂ ಹಿಡಿದಿಲ್ಲ, ಆದರೆ ಲಾಯ್ಕುಂಟು. ಇಸ್ತ್ರಿಪೆಟ್ಟಿಗೆ ಮೂರನೇ ದಿನ ಸುಟ್ಟು ವಾಸನೆ ಬಂದಿತ್ತು, ಅದೂ ಲಾಯ್ಕುಂಟು. ಅಲ್ಲಿ ಬಿಸಿಲಿನಲ್ಲಿ ದುಡಿಯುವವನಿಗೆ ಇಲ್ಲಿಂದ ಬೇಸರ ಕಳಿಸಬಾರದು ಎಂದು ಗುಣವತಿ ಅವನು ಹೋದ ಹೊಸತರಲ್ಲೇ ನಿರ್ಧರಿಸಿದ್ದಳು. ಮಕ್ಕಳು ಮಾತು ಕಲಿತ ಮೇಲೆ ಅವರಿಗೂ ಅದನ್ನೇ ಕಲಿಸಿದಳು.

ಮರುದಿನವೂ ಕಂಪ್ಯೂಟರು ಸ್ಟಾರ್ಟ್ ಆಗಲಿಲ್ಲ. ಪ್ರಣೀತಾ ವಯರುಗಳನ್ನೆಲ್ಲ ಕಿತ್ತು ಮತ್ತೆ ಚುಚ್ಚಿದಳು. ಮೆಮೊರಿ ಪಟ್ಟಿಯನ್ನು ಆ ಸಂದಿನಿಂದ ಈ ಸಂದಿಗೆ ಹಾಕಿದಳು. ನಾಣ್ಯದಂಥ ಬ್ಯಾಟರಿ ತೆಗೆದು, ಕಾದು, ಮತ್ತೆ ಹಾಕಿದಳು. ಗೋಡೆಯ ಪ್ಲಗ್ಗನ್ನು ಸಂಶಯಪಟ್ಟು ಪೆಟ್ಟಿಗೆಯನ್ನು ಅಡುಗೆಮನೆಗೆ ಒಯ್ದು ಮಿಕ್ಸಿಯ ಪ್ಲಗ್ಗಿಗೆ ಸಿಕ್ಕಿಸಿದಳು.

"ಅಲ್ಲಿ ಚಟ್ನಿ ಕಡೆಯಬೇಕು ನನಗೆ," ಎಂದು ಗುಣವತಿ ಗದರಿದಳು.

"ಒಂದು ನಿಮಿಷ ಅಮ್ಮ."

"ನಿನ್ನೆಯಿಂದ ಒಂದು ನಿಮಿಷವೇ! ಗಂಜಿ ತಣ್ಣಗಾಯ್ತು. ಮಲ್ಲಿಗೆ ಅರ್ಧ ಕೊಯ್ದಲ್ಲೇ ಉಂಟು. ಹೂವಿನವನು ಬರುವಾಗ ಎಂತ, ನಿನ್ನ ಫ್ಯಾನು ಕೊಡುದಾ ನಾನು?"

ಮನೆಯ ಹಿಂದೆ ಗುಣವತಿಯ ಮಲ್ಲಿಗೆ ಗಿಡಗಳಿದ್ದವು. ಬೆಳಿಗ್ಗೆ ಎಲ್ಲರೂ ಸೇರಿ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಮಾಲೆ ಕಟ್ಟಿ ಚೆಂಡಾಗಿ ಸುತ್ತಿ ಕೊಟ್ಟ ಮೇಲೆಯೇ ಉಳಿದ ಕೆಲಸ. ಪ್ರಣೀತಾ ಮುಖ ಊದಿಸಿಕೊಂಡು ಹೋಗಿ ಹೂವು ಕೊಯ್ದಳು. ಅವಳ ತಲೆ ಮಾತ್ರ ಬೋರ್ಡಿನ ಮೂಲೆಯಲ್ಲಿ ಉರಿಯುತ್ತಿದ್ದ ಸಣ್ಣ ಕೆಂಪು ದೀಪದಲ್ಲೇ ಇತ್ತು. ಆ ದೀಪ ಉರಿದರೆ ಪ್ರೊಸೆಸರಿನ ಕಡೆ ನೋಡು ಎಂದು ಅರ್ಥ.

ಮಧ್ಯಾಹ್ನ ಅವಳು ಪ್ರೊಸೆಸರನ್ನು ಎತ್ತಿ ತೆಗೆದು, ಮೊಬೈಲಿನ ಟಾರ್ಚು ಹಾಕಿ ಕುಳಿಯೊಳಗೆ ನೋಡಿದಳು. ಅಲ್ಲಿ ಕೂದಲಿಗಿಂತ ಸಪೂರದ ನೂರಾರು ಪಿನ್ನುಗಳು ಸಾಲಾಗಿ ನಿಂತಿದ್ದವು. ಒಂದು ಮೂಲೆಯಲ್ಲಿ ಮಾತ್ರ ಕೋಳಿ ಹೊಕ್ಕ ಭತ್ತದ ನೇಜಿಯ ಮಡಿಯ ಹಾಗೆ ಅಡ್ಡಾದಿಡ್ಡಿ ಮಲಗಿದ್ದವು. ಒಂದು ಪಿನ್ನಿಗೆ ಬಿಳಿಯ ನೂಲಿನ ಎಳೆ ಸಿಕ್ಕಿಕೊಂಡಿತ್ತು. ಅದು ಬೈರಾಸಿನ ನೂಲು. ಅವಳಿಗೆ ಅಳು ಬಂತು.

ಉಡುಪಿಯ ಸರ್ವಿಸ್ ಅಂಗಡಿಯಲ್ಲಿ ಕನ್ನಡಕದ ಮೇಲೆ ಭೂತಗನ್ನಡಿ ಹಾಕಿಕೊಂಡು ನೋಡಿದ ಲವಿಟಾ ಎಂಬ ಹುಡುಗಿ ಮೊದಲು ಕೇಳಿದ್ದೇ, "ಇದರ ಮೇಲೆ ಒಂದು ಕಪ್ಪು ಮುಚ್ಚಳ ಇರ್ತದಲ್ಲ, ಯಾರು ತೆಗೆದದ್ದು?"

"ಬರುವಾಗಲೇ ಇರಲಿಲ್ಲ."

"ಎಂತದರಲ್ಲಿ ಬಂತು?"

"ಬೈರಾಸಿನಲ್ಲಿ."

ಲವಿಟಾ ನಗಲಿಲ್ಲ. ಸೂಜಿಯಲ್ಲಿ ಒಂದೊಂದೇ ಪಿನ್ನು ಎತ್ತಿ ನಿಲ್ಲಿಸಲು ನೋಡಿದಳು. ಎರಡು ನಿಂತವು, ಮೂರನೆಯದು ಮುರಿಯಿತು. ಪ್ರೊಸೆಸರನ್ನು ಬೇರೆ ಬೋರ್ಡಿನಲ್ಲಿ ಹಾಕಿ ನೋಡಿ, "ಇದು ಸರಿ ಉಂಟು. ಬೋರ್ಡು ಹೊಸತೇ ಬೇಕು. ಪಿನ್ನು ಬಗ್ಗಿದರೆ ವಾರಂಟಿ ಸಿಗುದಿಲ್ಲ," ಎಂದಳು.

ಬೋರ್ಡು ಇಲ್ಲಿ ತೆಗೆದುಕೊಂಡರೂ ದುಡ್ಡು ಶಾರ್ಜಾದಿಂದಲೇ ಬರಬೇಕು. ಅಪ್ಪನಿಗೆ ಹೇಳದೆ ಉಪಾಯವಿರಲಿಲ್ಲ. ಸಂಜೆ ಫೋನು ಬರುವ ಮುಂಚೆ ಅಡುಗೆಮನೆಯಲ್ಲಿ ತಾಯಿ ಮಗಳಿಗೆ ಜೋರು ಚರ್ಚೆ ನಡೆಯಿತು.

"ಇದ್ದದ್ದನ್ನು ಇದ್ದ ಹಾಗೆ ಹೇಳ್ತೇನೆ," ಎಂದಳು ಪ್ರಣೀತಾ.

"ಎಂತ ಹೇಳ್ತಿ? ನಿಮ್ಮ ಪ್ಯಾಕಿಂಗಿಗೆ ಹಾಳಾಯ್ತು ಅಂತ ಹೇಳ್ತಿಯಾ? ಇಡೀ ಊರು ಅವರ ಕಟ್ಟು ಅಂತ ಹೇಳ್ತದೆ. ಅವರಿಗೆ ಅಲ್ಲಿ ಇರುದು ಅದೊಂದೇ ಹೆಸರು. ಅದನ್ನೂ ನೀನು ತೆಗೀಬೇಕಾ?"

"ಮತ್ತೆ ಬೋರ್ಡು ಹಾಳಾದದ್ದು ಹೇಗೆ ಅಂತ ಹೇಳುದು?"

ಉತ್ತರ ಸಿದ್ಧವಾಗುವ ಮೊದಲೇ ಫೋನು ಬಂದಿತು. ಗುಣವತಿ ಡಬ್ಬಕ್ಕೆ ಒರಗಿಸಿ, ಉಸಿರು ತೆಗೆದುಕೊಳ್ಳದೆ ಹೇಳಿದಳು.

"ಓಯ್, ನಿನ್ನೆ ಇಲ್ಲಿ ಜೋರು ಸಿಡಿಲು. ಆ ಬೋರ್ಡು ಹೋಯ್ತಂತೆ."

ದೀಪಾವಳಿ ಆಸುಪಾಸಿನ ತುಲಾ ತಿಂಗಳ ಸಂಜೆಯ ಗುಡುಗು ಸಿಡಿಲು ಎಂದರೆ ಈ ಸೀಮೆಯವರಿಗೆ ಪ್ರಮಾಣ ಬೇಕಾಗುವುದಿಲ್ಲ. ಅಣ್ಣು ತಕ್ಷಣ ನಂಬಿದ. ನಂಬಿದ್ದೇ ತಡ, ಬೈಗುಳ ಮಗಳ ಕಡೆ ತಿರುಗಿತು.

"ಗುಡುಗುವಾಗ ಪ್ಲಗ್ಗು ತೆಗೀಬೇಕು ಅಂತ ಗೊತ್ತಿಲ್ವಾ ನಿನಗೆ? ಇಷ್ಟು ಓದಿ ಎಂತ ಬಂತು? ಅಜ್ಜಿಗೆ ಇರುವ ಬುದ್ಧಿ ಇಲ್ವಲ್ಲ!"

ಪ್ರಣೀತಾ ತಾಯಿಯ ಮುಖ ನೋಡಿದಳು. ಗುಣವತಿ ಮೇಜಿನ ಮೇಲೆ ಇಲ್ಲದ ಕಲೆಯನ್ನು ಒರಸುತ್ತಿದ್ದಳು. ಮಗಳು ಮಾಡದ ತಪ್ಪಿಗೆ, "ಹೌದು ಪಪ್ಪ," ಎಂದಳು. ಅದನ್ನು ಹೇಳುವಾಗ ಅವಳಿಗೆ ಎಷ್ಟು ಉರಿದಿತ್ತೆಂದರೆ ಆ ರಾತ್ರಿ ಅವಳು ಮೀನಿಗೂ ಕೈ ಹಾಕದೆ ಎದ್ದಳು.

ಬೈದವನಿಗೆ ಮರುದಿನವೇ ಬೇಸರವಾಯಿತು. ಬೇಸರವಾದರೆ ಅಣ್ಣುವಿಗೆ ಗೊತ್ತಿದ್ದದ್ದು ಏನನ್ನಾದರೂ ಕಳಿಸುವುದು ಮಾತ್ರ. "ಅಲ್ಲಿ ತೆಗೀಬೇಡ, ಹಳತನ್ನೇ ಹೊಸತು ಅಂತ ಕೊಡ್ತಾರೆ. ಇನ್ನೊಂದು ಬೋರ್ಡು ತೆಗೆದಿದ್ದೇನೆ. ಕೆಮ್ಮಣ್ಣಿನ ಐರಿನ್ ಬಾಯಿ ಬರ್ತಾರೆ, ಅವರ ಹತ್ರ ಕೊಟ್ಟಿದ್ದೇನೆ," ಎಂದ. ಆಗಲೇ ಕೊಟ್ಟಾಗಿತ್ತು. ಹೇಗೆ ಕಟ್ಟಿದ್ದೀರಿ ಎಂದು ಪ್ರಣೀತಾ ಕೇಳಲು ಬಾಯಿ ತೆರೆದಳು. ಗುಣವತಿ ಮೇಜಿನ ಕೆಳಗಿನಿಂದ ಅವಳ ಕಾಲು ತುಳಿದಳು.

ಕೆಮ್ಮಣ್ಣಿಗೆ ತಾಯಿ ಮಗಳು ಇಬ್ಬರೂ ಹೋದರು. ತಂದುಕೊಟ್ಟವರ ಮನೆಗೆ ಬರಿಗೈಯಲ್ಲಿ ಹೋಗುವ ಕ್ರಮವಿಲ್ಲವಾದ್ದರಿಂದ ಮಲ್ಲಿಗೆಯ ಒಂದು ಚೆಂಡು, ಮನೆಯ ಬಸಳೆಯ ಒಂದು ಕಟ್ಟು ಇತ್ತು. ಐರಿನ್ ಬಾಯಿ ಚಹಾ ಕೊಟ್ಟು, ಕಟ್ಟನ್ನು ಎತ್ತಿ ತಂದರು. "ಅಣ್ಣು ಎಷ್ಟು ಜಾಗ್ರತೆ ಮಾಡಿ ಕಟ್ಟಿದ್ದಾರೆ ನೋಡಿ. ನನ್ನ ತಲೆದಿಂಬಿನ ಹಾಗೆ ಕೈಯಲ್ಲೇ ಹಿಡ್ಕೊಂಡು ಬಂದದ್ದು," ಎಂದರು.

ಮನೆಗೆ ಬಂದು ಬಿಚ್ಚಿದರೆ ಈ ಸಲ ಎರಡು ಬೈರಾಸು. ಕುಳಿಯಲ್ಲಿ ಮೊದಲಿಗಿಂತ ದಪ್ಪದ ಬಟ್ಟೆಯ ಉಂಡೆ. ಪ್ರಣೀತಾ ಪ್ರೊಸೆಸರು ಹಾಕಲೇ ಇಲ್ಲ. ಟಾರ್ಚು ಹಾಕಿ ನೋಡಿ, ಮೊಬೈಲನ್ನು ತಾಯಿಯ ಕೈಗೆ ಕೊಟ್ಟಳು. ಈ ಸಲ ಪಿನ್ನುಗಳು ಎರಡು ಮೂಲೆಯಲ್ಲಿ ಮಲಗಿದ್ದವು.

ಗುಣವತಿ ತುಂಬ ಹೊತ್ತು ನೋಡಿದಳು. "ಈಗ ಎಂತ ಹೇಳುದು? ವೋಲ್ಟೇಜು ಜಾಸ್ತಿ ಬಂತು ಅಂತ ಹೇಳುದಾ?"

"ಹೇಳು. ಮೂರನೆಯದ್ದನ್ನು ಮೂರು ಬೈರಾಸಿನಲ್ಲಿ ಸುತ್ತಿ ಕಳಿಸ್ತಾರೆ."

ಬಾಗಿಲ ಬಳಿ ಬೂಟು ಬಿಚ್ಚುತ್ತಿದ್ದ ಕೀರ್ತನನಿಗೆ ನಗು ತಡೆಯಲಿಲ್ಲ. ಗುಣವತಿಗೆ ಸಿಟ್ಟು ನೆತ್ತಿಗೇರಿತು.

"ನಗು, ನಗು! ಅವರು ರೂಮಿನಲ್ಲಿ ಕೂತು ಕಣ್ಣು ಸೋಲುವವರೆಗೆ ಕಟ್ಟಿದ್ದು ನಿಮಗೆ ನಗಾಡ್ಲಿಕ್ಕೆ. ಅವರು ಎರಡು ವರ್ಷಕ್ಕೊಮ್ಮೆ ಬಂದು ಹೋಗುವವರು. ಅವರ ಕೈ ಈ ಮನೆಗೆ ತಾಗುದು ಆ ಕಟ್ಟಿನಲ್ಲಿ ಮಾತ್ರ."

"ಹಾಗಾದರೆ ನನ್ನ ಕೆಲಸ ಅಮ್ಮ? ತಿಂಗಳು ಮುಗೀತಾ ಬಂತು. ಮೇಡಂ ಬೇರೆ ಹುಡುಗಿಯನ್ನು ನೋಡಿದ್ದಾರೆ ಅಂತ ಹೇಳಿದ್ರು. ನೀನು ಪಪ್ಪನಿಗೆ ಬೇಸರ ಆಗಬಾರದು ಅಂತ ಸುಳ್ಳು ಹೇಳುದು, ಬೈಗುಳ ತಿನ್ನುದು ನಾನು, ಕೆಲಸ ಹೋಗುದು ನನ್ನದು."

"ಅಜ್ಜಿ, ನೀವು ಹೇಳಿ," ಎಂದು ಕೀರ್ತನ್ ನ್ಯಾಯ ಹಿರಿಯರ ಕಡೆ ದಾಟಿಸಿದ.

ಅಕ್ಕು ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದರು. "ನನಗೆ ಎಂತ ಗೊತ್ತುಂಟು? ಅವನು ಸಣ್ಣದಿರುವಾಗ ಇದ್ದದ್ದು ಹೇಳಿದರೆ ಅಳ್ತಿದ್ದ. ಈಗ ಅವನಿಗೆ ಐವತ್ತು ಕಳೀತಲ್ಲ," ಎಂದರು. ಅದರಿಂದ ಯಾರ ಪರ ಎಂದು ತಿಳಿಯಲಿಲ್ಲ.

ಸಂಜೆ ಫೋನು ಬಂದಾಗ ಪ್ರಣೀತಾ ಅದನ್ನು ಡಬ್ಬಕ್ಕೆ ಒರಗಿಸಲು ಬಿಡದೆ ಕೈಯಲ್ಲೇ ಹಿಡಿದುಕೊಂಡಳು.

"ಪಪ್ಪ, ಮೊನ್ನೆ ಸಿಡಿಲು ಬಡಿಯಲಿಲ್ಲ."

"ಎಂತ?"

"ಮೊದಲನೆಯ ಬೋರ್ಡು ಸಿಡಿಲಿಗೆ ಹೋದದ್ದಲ್ಲ. ಬರುವಾಗಲೇ ಪಿನ್ನು ಬಗ್ಗಿತ್ತು. ಇವತ್ತು ಬಂದದ್ದರಲ್ಲೂ ಬಗ್ಗಿದೆ. ಮೇಲೆ ಒಂದು ಕಪ್ಪು ಮುಚ್ಚಳ ಇತ್ತಲ್ಲ, ಅದು ಕಸ ಅಲ್ಲ ಪಪ್ಪ. ಅದನ್ನು ತೆಗೆದು ಅಲ್ಲಿ ಬಟ್ಟೆ ತುರುಕಿದಿರಲ್ಲ, ಅದರಿಂದ ಆದದ್ದು."

ಆ ಕಡೆ ಯಾರೋ ಹಿಂದಿಯಲ್ಲಿ ಮಾತಾಡುವುದು, ಪಾತ್ರೆಯ ಸದ್ದು ಕೇಳಿಸಿತು.

"ಖಾಲಿ ಬಿಟ್ಟರೆ ಅಲುಗಾಡ್ತದೆ ಅಂತ ಹಾಕಿದ್ದು," ಎಂದ ಅಣ್ಣು.

"ಗೊತ್ತುಂಟು ಪಪ್ಪ. ಆದರೆ ಅದಕ್ಕೆ ಏನೂ ತಾಗಬಾರದು."

"ನಾನು ಕಟ್ಟಿದ್ದರಲ್ಲಿ ಇಷ್ಟರವರೆಗೆ ಒಬ್ಬನ ಗಾಜಿನ ಲೋಟ ಸಹ ಒಡೆದಿಲ್ಲ."

"ಲೋಟ ಒಡೆದಿಲ್ಲ ಪಪ್ಪ. ಇದು ಹಾಳಾಯ್ತು."

"ಆಯ್ತು," ಎಂದ ಅಣ್ಣು. ಫೋನು ಇಟ್ಟ.

ಮರುದಿನ ಸಂಜೆ ಫೋನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಗುಣವತಿ ಮಾಡಿದರೆ, "ಡ್ಯೂಟಿಯಲ್ಲಿದ್ದೇನೆ," ಎಂದು ಮೆಸೇಜು ಬಂದಿತು. ಗುಣವತಿ ಮಗಳ ಜೊತೆ ಮಾತು ಬಿಟ್ಟಳು. ನೀರುದೋಸೆ ಹೊಯ್ದು ತಟ್ಟೆಗೆ ಹಾಕುತ್ತಿದ್ದಳು, ಸಾಕೇ ಬೇಕೇ ಎಂದು ಕೇಳುತ್ತಿರಲಿಲ್ಲ. ಪ್ರಣೀತಾ ಹಿಂದಿನಿಂದ ಕರೆದರೂ ತಿರುಗುತ್ತಿರಲಿಲ್ಲ. ಮಲ್ಲಿಗೆಯ ಮುಂದೆ ಇಬ್ಬರೂ ಎದುರುಬದುರು ಕೂತು, ಇಬ್ಬರ ಮಾತನ್ನೂ ಅಜ್ಜಿಯ ಮೂಲಕವೇ ದಾಟಿಸುತ್ತಿದ್ದರು.

"ಅಜ್ಜಿ, ನಾರು ಮುಗೀತು ಅಂತ ಹೇಳಿ."

"ಗುಣವತೀ, ನಾರು ಮುಗೀತಂತೆ. ನನಗೆ ಈ ಪ್ರಾಯದಲ್ಲಿ ಪೋಸ್ಟ್‌ಮ್ಯಾನಿನ ಕೆಲಸ ಕೊಟ್ಟಿರಲ್ಲ ನೀವು!"

ಹೇಳಿ ತಪ್ಪು ಮಾಡಿದೆನೇ ಎಂದು ಪ್ರಣೀತಾಳಿಗೆ ಹಲವು ಸಲ ಅನಿಸಿತು. ಸಂಜೆಯಾದರೆ ಮೇಜಿನ ಮೇಲಿನ ಮೊಬೈಲನ್ನು ಕದ್ದು ನೋಡುತ್ತಿದ್ದಳು. ಒಂದು ದಿನ ಮಣಿಪಾಲಕ್ಕೆ ಹೋಗಿ ರೀನಾ ಮೇಡಂಗೆ, "ಆಗುದಿಲ್ಲ ಅಂತ ಕಾಣ್ತದೆ," ಎಂದೂ ಹೇಳಿ ಬಂದಳು. "ತಿಂಗಳು ಮುಗಿಯಲಿಲ್ಲವಲ್ಲ, ಮುಗಿದ ಮೇಲೆ ಹೇಳು," ಎಂದರು ಅವರು.

ತಿಂಗಳ ಕೊನೆಯ ವಾರ ಕೀರ್ತನ್ ಬಸ್ಸಿನಿಂದಲೇ ಫೋನು ಮಾಡಿದ. "ಪಪ್ಪ ನನಗೆ ಮೆಸೇಜು ಮಾಡಿದ್ರು. ಕಾರ್ಕಳದ ಕ್ಲಾಯ್ಡ್ ಅಂತ, ಅವರು ಬಸ್‌ಸ್ಟ್ಯಾಂಡಿಗೆ ಒಂದು ಡಬ್ಬ ತಂದುಕೊಟ್ಟರು. ಬೋರ್ಡಂತೆ."

ಸಂಜೆ ಅವನು ತಂದ ಡಬ್ಬವನ್ನು ಮನೆಯವರೆಲ್ಲ ಸುತ್ತ ನಿಂತು ನೋಡಿದರು. ಅಂಗಡಿಯ ಡಬ್ಬ, ಅಂಗಡಿಯ ಸೀಲು. ಬೈರಾಸಿಲ್ಲ, ಹಗ್ಗವಿಲ್ಲ. ಪ್ರತಿ ಸಲ ಸಂದಿನಲ್ಲಿ ತುರುಕುತ್ತಿದ್ದ ಬಾದಾಮಿಯಿಲ್ಲ, ಸೋಪಿಲ್ಲ. ಗುಣವತಿ ಅದನ್ನು ಆಚೆ ಈಚೆ ತಿರುಗಿಸಿ ನೋಡಿ ಕೆಳಗಿಟ್ಟಳು.

"ಇದನ್ನು ಯಾರು ಬೇಕಾದರೂ ಕಳಿಸಬಹುದಿತ್ತು," ಎಂದಳು. ಅವಳ ಕಣ್ಣು ತುಂಬಿತ್ತು.

ಕಪ್ಪು ಮುಚ್ಚಳ ಇದ್ದಲ್ಲೇ ಇತ್ತು. ಪಿನ್ನುಗಳು ನೆಟ್ಟಗೆ ನಿಂತಿದ್ದವು. ಪ್ರಣೀತಾ ಪ್ರೊಸೆಸರು ಕೂರಿಸಿ, ವಯರುಗಳನ್ನು ಒಂದೊಂದಾಗಿ ಚುಚ್ಚಿ, ಸ್ವಿಚ್ಚು ಒತ್ತಿದಳು. ಫ್ಯಾನು ತಿರುಗಿತು. ಕೆಂಪು ದೀಪ ಬಂದು ಆರಿತು. ಪರದೆಯ ಮೇಲೆ ಬಿಳಿಯ ಅಕ್ಷರಗಳು ಮೂಡಿದವು.

"ಬಂತು!" ಎಂದು ಕೀರ್ತನ್ ಕೂಗಿದ. ಅಜ್ಜಿ ಕೈ ಮುಗಿದರು. ಪ್ರಣೀತಾ ರೀನಾ ಮೇಡಂಗೆ ಫೋಟೊ ಕಳಿಸಿದಳು. "ನಾಳೆ ಎರಡು ಅಡುಗೆಮನೆ ಕಳಿಸ್ತೇನೆ, ಶುರು ಮಾಡು," ಎಂದು ಉತ್ತರ ಬಂದಿತು. ಕೆಲಸ ಸಿಕ್ಕಿತು. ಆದರೂ ಅವಳಿಗೆ ನಗಲು ಆಗಲಿಲ್ಲ.

ಊಟಕ್ಕೆ ಕೂತಾಗ ಫೋನು ಬಂದಿತು. ಗುಣವತಿ ಧಾವಿಸಿ ಹೋಗಿ ಡಬ್ಬಕ್ಕೆ ಒರಗಿಸಿದಳು. ಪರದೆಯಲ್ಲಿ ಅಣ್ಣು ಸ್ವಲ್ಪ ಇಳಿದ ಹಾಗೆ ಕಾಣುತ್ತಿದ್ದ.

"ಬಂತಾ?"

"ಬಂತು ಪಪ್ಪ. ಸ್ಟಾರ್ಟ್ ಆಯ್ತು."

"ಅಂಗಡಿಯವ ಕೊಟ್ಟ ಹಾಗೆ ಕಳಿಸಿದೆ. ಕೈ ಹಾಕ್ಲಿಲ್ಲ."

ಅಣ್ಣು ಮುಂದುವರಿಸಿದ. "ಸಿಟ್ಟು ಬಂದದ್ದು ಹೌದು. ಎರಡು ದಿನ. ಆಮೇಲೆ ಸಿಟ್ಟಲ್ಲ, ಯೋಚನೆ. ನಮ್ಮ ಕಂಪನಿಯಲ್ಲಿ ಎಷ್ಟು ಜಾಗ್ರತೆ ಮಾಡಿದರೂ ನೂರು ಪಾರ್ಸೆಲಿನಲ್ಲಿ ನಾಲ್ಕು ಒಡೆದು ವಾಪಸು ಬರ್ತದೆ. ಮನೆಗೆ ನಾನು ಇಷ್ಟು ವರ್ಷ ಕಳಿಸಿದ್ದರಲ್ಲಿ ಒಂದೂ ಬರಲಿಲ್ಲ. ನಾನು ಅಷ್ಟು ದೊಡ್ಡ ಕೈಯವ ಅಂತ ತಿಳ್ಕೊಂಡಿದ್ದೆ. ಒಡೆಯದ್ದಲ್ಲ, ನೀವು ಹೇಳದೆ ಇದ್ದದ್ದು."

"ನಿಮಗೆ ಬೇಸರ ಆಗ್ತದೆ ಅಂತ..." ಗುಣವತಿಯ ದನಿ ಸಣ್ಣದಾಯಿತು.

"ಆಗಲಿ. ಬರುವ ಏಪ್ರಿಲಿಗೆ ನಾನು ಪೂರ್ತಿ ಬಿಟ್ಟು ಬರುವವ. ಆ ಮನೆಯಲ್ಲಿ ಎಲ್ಲ ಲಾಯ್ಕುಂಟು ಅಂತ ಮಾತ್ರ ನನಗೆ ಗೊತ್ತಿರುದು. ಬಂದು ಯಾರ ಮನೆಯಲ್ಲಿ ಇರುದು ನಾನು? ಎಂತ ಸರಿ ಇಲ್ಲ, ಅದನ್ನು ಹೇಳಿ ಒಮ್ಮೆ."

"ಎಲ್ಲ ಸರಿ ಉಂಟು ಮಗಾ," ಎಂದರು ಅಜ್ಜಿ, ಅಭ್ಯಾಸಬಲದಿಂದ.

ಕೀರ್ತನ್ ಪ್ರಣೀತಾಳ ಮುಖ ನೋಡಿದ. ಪ್ರಣೀತಾ ತಟ್ಟೆ ನೋಡಿದಳು. ಗುಣವತಿ ಎಂಜಲು ಕೈಯನ್ನು ತಟ್ಟೆಯ ಅಂಚಿನಲ್ಲಿಟ್ಟು, ಎಡಗೈಯಿಂದ ಮೊಬೈಲನ್ನು ತನ್ನ ಕಡೆಗೆ ಎಳೆದುಕೊಂಡಳು.

"ನನ್ನ ಎಡದ ಕಿವಿ ಕೇಳುದಿಲ್ಲ," ಎಂದಳು. "ಎರಡು ವರ್ಷ ಆಯ್ತು."

ಅದು ಆ ಮೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಡಾಕ್ಟರಿಗೆ ತೋರಿಸಿದ್ಯಾ?" ಅಣ್ಣು ಪರದೆಗೆ ಹತ್ತಿರ ಬಂದ.

"ಇಲ್ಲ. ತೋರಿಸಿದರೆ ನಿಮಗೆ ಹೇಳಬೇಕಾಗ್ತದಲ್ಲ ಅಂತ."

ಪ್ರಣೀತಾ ತಾಯಿಯ ಎಡಗಡೆಯ ಕುರ್ಚಿಯಲ್ಲಿ ಕೂತಿದ್ದಳು. ಎದ್ದು, ತಟ್ಟೆ ಹಿಡಿದುಕೊಂಡು ಮೇಜನ್ನು ಸುತ್ತಿ ಬಂದು, ಬಲಗಡೆ ಕೂತಳು.